19 ವರ್ಷ ಆದಮೇಲೆ ಕಪ್! ಬ್ರಾಂಕೋಸ್ 2025 ಸೀಸನ್ ಬಗ್ಗೆ ಮಾತಾಡೋಣ ಬನ್ನಿ

ಕ್ಯಾಕ್ಸ್ಟನ್ ಬೀದಿ

ಫೈನಲ್ ಮುಗಿದು ವಾರ ಕಳೆಯಿತು, ನನ್ನ ಗಂಟಲು ಇನ್ನೂ ಸರಿಹೋಗಿಲ್ಲ. ಇಲ್ಲಿ ಕ್ರಿಕೆಟ್ ಬಿಟ್ಟು ಬೇರೆ ಆಟದ ಮಾತೇ ಬರಲ್ಲ ಅಂತ ಗೊತ್ತು. ಆದರೂ ಬ್ರಿಸ್ಬೇನ್, ಸಿಡ್ನಿ, ಮೆಲ್ಬರ್ನ್ ಕಡೆ ಇರುವ ಕನ್ನಡದವರಲ್ಲಿ ರಗ್ಬಿ ಲೀಗ್ ನೋಡುವವರು ಒಂದಷ್ಟು ಜನ ಇದ್ದೀರಿ, ಅದೂ ಗೊತ್ತು. ಅದಕ್ಕೇ ನಮ್ಮ ಬ್ರಿಸ್ಬೇನ್ ತಂಡ ಬ್ರಾಂಕೋಸ್ ಬಗ್ಗೆ ಈ ಚರ್ಚೆಯ ದಾರ.

ಮೊದಲು ಬರೀ ಲೆಕ್ಕ ಹೇಳಿಬಿಡುತ್ತೇನೆ. ಮಾರ್ಚ್‌ನಲ್ಲಿ ಮೊದಲ ಪಂದ್ಯ, ಸಿಡ್ನಿಗೇ ಹೋಗಿ ರೂಸ್ಟರ್ಸ್‌ಗೆ 50 ಅಂಕ ಹೊಡೆದು ಬಂದರು. 50-14. ಅವತ್ತು ನಮ್ಮ ವಾಟ್ಸಾಪ್ ಗುಂಪಿನಲ್ಲಿ ಕಪ್ಪಿಗೆ ಪಾಲಿಶ್ ಹಾಕೋಕೆ ಜನ ಶುರು ಮಾಡಿದ್ದರು. ಮೇ ಹೊತ್ತಿಗೆ ಅದೇ ಗುಂಪಿನಲ್ಲಿ ಕೋಚ್ ಮೈಕಲ್ ಮಗ್ವೈರ್‌ನನ್ನು ವಾಪಸ್ ಕಳಿಸಿ ಅಂತ ಕೂಗು. ಮ್ಯಾಜಿಕ್ ರೌಂಡ್ ಅಂದರೆ ಎಲ್ಲ ಪಂದ್ಯಗಳೂ ನಮ್ಮ ಸನ್‌ಕಾರ್ಪ್ ಮೈದಾನದಲ್ಲೇ ನಡೆಯುವ ವಾರ. ಆ ವಾರವೇ ಸಿಡ್ನಿಯ ಪೆನ್ರಿತ್ ತಂಡದ ಕೈಲಿ ನಮ್ಮ ಅಂಗಳದಲ್ಲೇ ಚೆನ್ನಾಗಿ ತಿಂದೆವು. ಆಗ ಪೆನ್ರಿತ್ ಪಟ್ಟಿಯ ತಳದಲ್ಲಿ ಒದ್ದಾಡುತ್ತಿತ್ತು ಅನ್ನೋದು ಇನ್ನೂ ನೋವು.

ಕೊನೆಗೆ 24 ಪಂದ್ಯದಲ್ಲಿ 15 ಗೆದ್ದು, 9 ಸೋತು, ನಾಲ್ಕನೇ ಸ್ಥಾನ. ನಾಲ್ಕನೇ ಸ್ಥಾನದ ತಂಡ ಕಪ್ ಎತ್ತುತ್ತೆ ಅಂತ ಯಾರು ಅಂದುಕೊಂಡಿದ್ದರು ಹೇಳಿ?

ಅಲ್ಲಿಂದ ಫೈನಲ್ಸ್ ಸುತ್ತು. ಸೆಪ್ಟೆಂಬರ್ 14, ಕ್ಯಾನ್ಬೆರಾದಲ್ಲಿ ರೈಡರ್ಸ್ ಮೇಲೆ 29-28. ಸೆಪ್ಟೆಂಬರ್ 28, ಸನ್‌ಕಾರ್ಪ್‌ನಲ್ಲಿ ಪೆನ್ರಿತ್ ಮೇಲೆ 16-14. ಅಕ್ಟೋಬರ್ 5, ಸಿಡ್ನಿಯಲ್ಲಿ ಮೆಲ್ಬರ್ನ್ ಸ್ಟಾರ್ಮ್ ಮೇಲೆ 26-22. ಮೂರು ಪಂದ್ಯದ ಅಂತರ ಕೂಡಿದರೆ ಏಳೇ ಅಂಕ. ಮೂರರಲ್ಲೂ ಹತ್ತಕ್ಕೆ ಕಡಿಮೆ ಇಲ್ಲದಂತೆ ಹಿಂದೆ ಬಿದ್ದಿದ್ದರು. ಕ್ಯಾನ್ಬೆರಾದಲ್ಲಿ 28-12, ಪೆನ್ರಿತ್ ಎದುರು 14-0, ಫೈನಲ್‌ನಲ್ಲಿ 22-12.

ಇದು ಬರೀ ಅದೃಷ್ಟ ಅನ್ನುವವರಿಗೆ ನನ್ನ ಉತ್ತರ ಒಂದೇ. ಪೆನ್ರಿತ್ ಪಂದ್ಯದ ಎರಡನೇ ಅರ್ಧ ಮತ್ತು ಫೈನಲ್‌ನ ಎರಡನೇ ಅರ್ಧ, ಎರಡೂ ಸೇರಿಸಿ. 80 ನಿಮಿಷ. ಅಂದರೆ ಒಂದು ಪೂರ್ತಿ ಪಂದ್ಯದಷ್ಟು ಹೊತ್ತು. ಅಷ್ಟರಲ್ಲಿ ಎದುರಾಳಿಗೆ ಬಿಟ್ಟುಕೊಟ್ಟಿದ್ದು ಎಷ್ಟು ಗೊತ್ತಾ? ಸೊನ್ನೆ. ಒಂದು ಪೆನಾಲ್ಟಿ ಗೋಲೂ ಇಲ್ಲ. ಎಲ್ಲರೂ ನಮ್ಮ ರೀಸ್ ವಾಲ್ಶ್ ಓಟದ ಬಗ್ಗೆ ಮಾತಾಡುತ್ತಿದ್ದಾರೆ. ನಾನು ಹೇಳೋದು, ಕಪ್ ಬಂದಿದ್ದು ಓಡಿದ್ದಕ್ಕಲ್ಲ, ಹಿಡಿದಿದ್ದಕ್ಕೆ.

ಬೈಯುವವರು ಬೈಯಿರಿ, ಕಾಯುತ್ತಿದ್ದೇನೆ.

ಕ್ಯಾನ್ಬೆರಾ ಚಳಿ

ಬೈಯೋಕೇ ಬಂದೆ.

ಆ 14ನೇ ತಾರೀಖು ನಾನು ಮೈದಾನದಲ್ಲೇ ಇದ್ದೆ. ಮೇಲೆ ಜಾಕೆಟ್, ಒಳಗೆ ಸ್ವೆಟರ್, ಅದರೊಳಗೆ ಹಸಿರು ಜೆರ್ಸಿ. ಲೀಗ್ ಹಂತದಲ್ಲಿ ಮೊದಲ ಸ್ಥಾನ ನಮ್ಮದು, 24ರಲ್ಲಿ 19 ಗೆದ್ದಿದ್ದೆವು. 1994 ಆದಮೇಲೆ ಕಪ್ ನೋಡಿಲ್ಲ. ಈ ಸಲ ಬರುತ್ತೆ ಅಂತ ಊರಿಗೆ ಊರೇ ಹಸಿರು ಬಟ್ಟೆ ಹಾಕಿಕೊಂಡಿತ್ತು. 28-12 ಆದಾಗ ಪಕ್ಕದಲ್ಲಿದ್ದ ಅಜ್ಜ ಒಬ್ಬರು ನನ್ನ ಬೆನ್ನು ತಟ್ಟಿ ಏನೋ ಅಂದರು, ಗದ್ದಲದಲ್ಲಿ ಕೇಳಿಸಲಿಲ್ಲ. ಆಮೇಲೆ ಅವರು ಒಂದು ಮಾತೂ ಆಡಲಿಲ್ಲ.

ನಮ್ಮ ಹಡ್ಸನ್ ಯಂಗ್ ಜೊತೆ ತಲೆಗೆ ತಲೆ ಕೊಟ್ಟು ನಿಂತ ಗಲಾಟೆಗೆ ವಾಲ್ಶ್ ಬರೀ ಹತ್ತು ನಿಮಿಷ ಹೊರಗೆ ಹೋದ. ನನ್ನ ಪ್ರಕಾರ ಪೂರ್ತಿ ಹೊರಗೆ ಹೋಗಬೇಕಿತ್ತು. ಅವನು ವಾಪಸ್ ಬಂದೇ ನಮ್ಮ ಕಥೆ ಮುಗಿಸಿದ್ದು. ಇದನ್ನ ನಾನು ಸಾಯುವವರೆಗೂ ಹೇಳುತ್ತೇನೆ.

ಅದಾದ ಮುಂದಿನ ವಾರ ಶಾರ್ಕ್ಸ್ ಕೈಲೂ ಸೋತೆವು. ಮೊದಲ ಸ್ಥಾನದಲ್ಲಿದ್ದವರು ಎರಡೇ ಪಂದ್ಯದಲ್ಲಿ ಮನೆಗೆ. ಆದ್ದರಿಂದ ಏರಿಳಿತದ ಸೀಸನ್ ಅಂತ ಬ್ರಾಂಕೋಸ್‌ನವರು ದೊಡ್ಡದಾಗಿ ಹೇಳಿಕೊಳ್ಳಬೇಡಿ. ನಿಮ್ಮದು ಕೆಳಗೆ ಹೋಗಿ ಮೇಲೆ ಬಂತು. ನಮ್ಮದು ಆರು ತಿಂಗಳು ಮೇಲೆ ಹತ್ತಿ ಆರು ದಿನದಲ್ಲಿ ಕೆಳಗೆ ಬಿತ್ತು.

ಹೊಸಬ ಮೈಸೂರು

ನಮಸ್ಕಾರ. ನಾನು ಈ ಆಟ ಜೀವನದಲ್ಲಿ ಒಂದೇ ಪಂದ್ಯ ನೋಡಿರೋದು, ಅದೇ ಈ ಫೈನಲ್. ನಮ್ಮ ಭಾವ ಬ್ರಿಸ್ಬೇನ್‌ನಲ್ಲಿದ್ದಾರೆ, ಅವರು ವಿಡಿಯೋ ಕಾಲ್ ಮಾಡಿ ಟಿವಿ ಕಡೆ ಫೋನ್ ತಿರುಗಿಸಿ ಇಟ್ಟರು. ಇಲ್ಲಿ ಮಧ್ಯಾಹ್ನ ಎರಡು ಗಂಟೆ. ದಸರಾ ಮುಗಿದ ಭಾನುವಾರ, ಊಟ ಮಾಡಿ ಎಲ್ಲರೂ ಮಲಗಿದ್ದರು. ಏನೂ ಅರ್ಥ ಆಗದೇ ಇದ್ದರೂ ಕೂತು ನೋಡಿದೆ. ದಯವಿಟ್ಟು ಯಾರಾದರೂ ನಿಯಮ ಹೇಳಿ. ಅವರು ಚೆಂಡು ಹಿಡಿದು ಬೀಳ್ತಾರೆ, ಏಳ್ತಾರೆ, ಕಾಲಲ್ಲಿ ಹಿಂದಕ್ಕೆ ತಳ್ತಾರೆ, ಮತ್ತೆ ಬೀಳ್ತಾರೆ. ಇದು ಎಲ್ಲಿವರೆಗೆ?

ಮಂಡ್ಯದ ರೈಡರ್

ಮೊದಲೇ ಹೇಳಿಬಿಡುತ್ತೇನೆ. ನನ್ನ ಹೆಸರಿನ ರೈಡರ್ ಕಬಡ್ಡಿ ರೈಡರ್, ಕ್ಯಾನ್ಬೆರಾ ರೈಡರ್ ಅಲ್ಲ. ಕಾಲೇಜಿನಲ್ಲಿ ನಾಲ್ಕು ವರ್ಷ ಆಡಿದ ಮೊಣಕಾಲು ಈಗಲೂ ಚಳಿಗಾಲದಲ್ಲಿ ನೆನಪು ಮಾಡುತ್ತೆ.

ಮೈಸೂರಿನವರೇ, ಕಬಡ್ಡಿ ಗೊತ್ತಿದ್ದರೆ ಇದು ಅರ್ಧ ಗೊತ್ತಿದ್ದಂತೆ. ಒಂದು ಕಡೆ 13 ಜನ. ಚೆಂಡು ಇರುವವನು ರೈಡರ್ ಅಂದುಕೊಳ್ಳಿ. ಅವನನ್ನು ಹಿಡಿದು ನಿಲ್ಲಿಸಿದರೆ ಒಂದು ಟ್ಯಾಕಲ್. ಅವನು ಎದ್ದು ಚೆಂಡನ್ನು ಕಾಲಿನಿಂದ ಹಿಂದಕ್ಕೆ ಉರುಳಿಸುತ್ತಾನೆ, ಹಿಂದೆ ನಿಂತವನು ಎತ್ತಿಕೊಂಡು ಮತ್ತೆ ಆಟ ಶುರು ಮಾಡುತ್ತಾನೆ. ಹೀಗೆ ಆರು ಸಲ. ಆರನೇ ಸಲ ಹಿಡಿಸಿಕೊಂಡರೆ ಚೆಂಡು ಎದುರಾಳಿಗೆ. ಅದಕ್ಕೇ ಐದು ಆದಮೇಲೆ ಸಾಮಾನ್ಯವಾಗಿ ದೂರಕ್ಕೆ ಒದ್ದುಬಿಡುತ್ತಾರೆ. ಕೈಯಲ್ಲಿ ಮುಂದಕ್ಕೆ ಎಸೆಯುವ ಹಾಗಿಲ್ಲ, ಹಿಂದಕ್ಕೋ ಪಕ್ಕಕ್ಕೋ ಮಾತ್ರ. ಎದುರಾಳಿಯ ಗೆರೆ ದಾಟಿ ಚೆಂಡು ನೆಲಕ್ಕೆ ಒತ್ತಿದರೆ ಟ್ರೈ, ನಾಲ್ಕು ಅಂಕ. ಆಮೇಲೆ ಕಂಬಗಳ ಮಧ್ಯೆ ಒದ್ದರೆ ಇನ್ನೆರಡು. ಆಟ ನಡೆಯುತ್ತಿರುವಾಗಲೇ ಚೆಂಡು ನೆಲಕ್ಕೆ ಬಿಟ್ಟು, ಅದು ಪುಟಿದಾಗ ಕಂಬದ ನಡುವೆ ಒದ್ದರೆ ಫೀಲ್ಡ್ ಗೋಲ್, ಒಂದು ಅಂಕ. ಕ್ಯಾನ್ಬೆರಾದವರನ್ನು ಸಾಯಿಸಿದ್ದು ಆ ಒಂದು ಅಂಕವೇ.

ಕಬಡ್ಡಿಯಲ್ಲಿ ಏಳು ಜನ ಸೇರಿ ಒಬ್ಬನನ್ನು ಹಿಡಿಯುತ್ತೇವೆ, ಮೂವತ್ತು ಸೆಕೆಂಡಿನಲ್ಲಿ ಮುಗಿಯುತ್ತೆ. ಇಲ್ಲಿ ನೂರು ಕೆ.ಜಿ. ದಾಟಿದ ಆಳು ಓಡಿಕೊಂಡು ಬಂದು ಗುದ್ದುತ್ತಾನೆ, ಅವನನ್ನು ಬೀಳಿಸಿ, ಎದ್ದು, ಹತ್ತು ಮೀಟರ್ ಹಿಂದಕ್ಕೆ ಓಡಿ, ಮತ್ತೆ ಮುಂದೆ ಬಂದು ಮುಂದಿನವನನ್ನು ಬೀಳಿಸಬೇಕು. 80 ನಿಮಿಷ. ಕೊನೆಯ ಇಪ್ಪತ್ತು ನಿಮಿಷದಲ್ಲಿ ಕೈ ಮೇಲೇಳಲ್ಲ. ಹಿಡಿಯೋಕೆ ಹೋದರೆ ಬೆರಳು ಜಾರುತ್ತೆ. ಆದ್ದರಿಂದ ದಾರ ಶುರು ಮಾಡಿದವರು ಹೇಳಿದ ಆ ಸೊನ್ನೆಗೆ ಬೆಲೆ ಇದೆ. ಸುಸ್ತಾದ ಮೇಲೂ ಹಿಡಿತ ಬಿಡದೇ ಇರೋದು ಸುಮ್ನೆ ಬರಲ್ಲ.

ಮೆಲ್ಬರ್ನ್ ಮಳೆ

ನಮ್ಮ ಸ್ಟಾರ್ಮ್ 40 ನಿಮಿಷದಲ್ಲಿ 22 ಹೊಡೆಯಿತು. ಇನ್ನು 40 ನಿಮಿಷದಲ್ಲಿ ಒಂದೂ ಇಲ್ಲ. ಅದನ್ನ ನೀವು ಬ್ರಾಂಕೋಸ್ ಹಿಡಿತ ಅಂತೀರಿ. ನಾನು ಅಂದು ರಾತ್ರಿ ಬೇರೆ ಪದ ಬಳಸಿದೆ, ಇಲ್ಲಿ ಬರೆಯೋಕಾಗಲ್ಲ.

ಆದರೂ ಒಪ್ಪಿಕೊಳ್ಳಬೇಕು. ಕೊನೆ ಕೊನೆಗೆ ನಮ್ಮ ರಯಾನ್ ಪ್ಯಾಪನ್‌ಹೌಸನ್ ಚೆಂಡು ಹಿಡಿದು, ಬಿಟ್ಟ ಬಾಣದ ಹಾಗೆ ಹೋದ. ನಾನು ಸೋಫಾದಿಂದ ಎದ್ದು ನಿಂತುಬಿಟ್ಟೆ. ಮುಂದೆ ಯಾರೂ ಇಲ್ಲ ಅಂದುಕೊಂಡೆ. ಎಲ್ಲಿಂದ ಬಂದನೋ ಆ ವಾಲ್ಶ್. ಬಂದವನೇ ಅಡ್ಡ ಬಿದ್ದು ಎಳೆದುಕೊಂಡ. ಸೀಸನ್ ಪೂರ್ತಿ ಅವನ ಕೂದಲು, ಅವನ ಉಗುರು ಬಣ್ಣ ಅಂತ ನಗುತ್ತಿದ್ದ ನಾವೇ ಅವತ್ತು ಬಾಯಿ ಮುಚ್ಚಿಕೊಂಡು ಕೂತೆವು. ಮೊದಲ ಅರ್ಧದಲ್ಲಿ ಒಬ್ಬನೇ ಎಲ್ಲರನ್ನೂ ತಪ್ಪಿಸಿಕೊಂಡು ಹಾಕಿದ ಟ್ರೈ ಬೇರೆ. ಪಂದ್ಯದ ಶ್ರೇಷ್ಠ ಆಟಗಾರನಿಗೆ ಕೊಡುವ ಕ್ಲೈವ್ ಚರ್ಚಿಲ್ ಪದಕ ಅವನಿಗಲ್ಲದೆ ಇನ್ಯಾರಿಗೆ ಕೊಡುತ್ತಾರೆ?

2024ರ ಫೈನಲ್ ಪೆನ್ರಿತ್ ಎದುರು ಸೋತೆವು, 2025ರದ್ದು ನಿಮ್ಮೆದುರು. ಕ್ರೇಗ್ ಬೆಲ್ಲಮಿ ಕೋಚ್ ಇರುವವರೆಗೆ ಮತ್ತೆ ಬರುತ್ತೇವೆ ಅನ್ನೋ ನಂಬಿಕೆ ಮಾತ್ರ ಹೋಗಿಲ್ಲ.

ಕ್ಯಾಕ್ಸ್ಟನ್ ಬೀದಿ

ಮೆಲ್ಬರ್ನ್ ಮಳೆ ಅವರೇ, ನೀವು ಹೇಳಿದ ಆ ಟ್ಯಾಕಲ್ಲೇ ನನ್ನ ಸಾಕ್ಷಿ. ಪದಕ ಕೊಟ್ಟಿದ್ದು ಟ್ರೈಗೆ ಅಂತ ಎಲ್ಲರೂ ಅಂದುಕೊಂಡಿದ್ದಾರೆ. ಆ ಹಿಡಿತ ತಪ್ಪಿದ್ದರೆ ಆ ಟ್ರೈ ಯಾರಿಗೂ ನೆನಪಿರುತ್ತಿರಲಿಲ್ಲ.

ಈಗ ನಿಜವಾಗಿ ಹೇಳಬೇಕಾಗಿರೋದು ನಮ್ಮ ಬೆನ್ ಹಂಟ್ ಬಗ್ಗೆ. ಸ್ವಲ್ಪ ಉದ್ದ ಆಗುತ್ತೆ, ಬೇಸರ ಮಾಡಿಕೊಳ್ಳಬೇಡಿ.

ನಾನು ಬ್ರಿಸ್ಬೇನ್‌ಗೆ ಬಂದಿದ್ದು 2014ರಲ್ಲಿ. ಮುಂದಿನ ವರ್ಷದ ಫೈನಲ್ ಎರಡೂ ಕ್ವೀನ್ಸ್‌ಲ್ಯಾಂಡ್ ತಂಡಗಳ ನಡುವೆ, ಬ್ರಾಂಕೋಸ್ ಮತ್ತು ಟೌನ್ಸ್‌ವಿಲ್‌ನ ಕೌಬಾಯ್ಸ್. ನಾಲ್ಕು ಜನ ಬ್ಯಾಚುಲರ್‌ಗಳು ಒಂದು ಬಾಡಿಗೆ ಮನೆ, ಒಂದೇ ಟಿವಿ. ಆಟ ನನಗೆ ಅರೆಬರೆ ಗೊತ್ತಿತ್ತು. ಅನ್ನಕ್ಕೆ ಇಟ್ಟು ಬಂದು ಕೂತಿದ್ದೆ. 16-12 ನಾವು ಮುಂದಿದ್ದೆವು, ಸೈರನ್ ಹೊಡೆಯುವ ಹೊತ್ತಿಗೆ ಕೌಬಾಯ್ಸ್‌ನ ಕೈಲ್ ಫೆಲ್ಟ್ ಮೂಲೆಯಲ್ಲಿ ಟ್ರೈ ಹಾಕಿಬಿಟ್ಟ. 16-16. ಜೊನಾಥನ್ ಥರ್ಸ್ಟನ್ ಗೆರೆ ಪಕ್ಕದಿಂದ ಒದ್ದ ಚೆಂಡು ಕಂಬಕ್ಕೆ ಬಡಿದು ಹೊರಗೆ ಹೋಯಿತು. ಉಸಿರು ಬಿಟ್ಟೆವು. ಇನ್ನು ಗೋಲ್ಡನ್ ಪಾಯಿಂಟ್, ಮೊದಲು ಯಾರು ಅಂಕ ಗಳಿಸುತ್ತಾರೋ ಅವರಿಗೆ ಕಪ್.

ಆಟ ಮತ್ತೆ ಶುರುವಾಗಿ ಕೌಬಾಯ್ಸ್ ಚೆಂಡು ಎತ್ತರಕ್ಕೆ ಒದ್ದರು. ಅದು ನೇರ ಬೆನ್ ಹಂಟ್ ಕೈಗೆ. ದಿನಕ್ಕೆ ನೂರು ಸಲ ಹಿಡಿಯುವ ಚೆಂಡು. ಕೈಗೆ ಬಂತು, ಜಾರಿತು, ಮುಂದಕ್ಕೆ ಬಿತ್ತು. ಅವನ ಮುಖ ನೋಡಿದ ನೆನಪು ಇನ್ನೂ ಇದೆ. ಕೆಲವೇ ಕ್ಷಣದಲ್ಲಿ ಥರ್ಸ್ಟನ್ ಫೀಲ್ಡ್ ಗೋಲ್ ಒದ್ದ, 17-16. ಅಡುಗೆಮನೆಯಿಂದ ಸೀದ ವಾಸನೆ ಬಂದ ಮೇಲೇ ಅನ್ನ ನೆನಪಾಗಿದ್ದು.

ಆಮೇಲೆ ಹಂಟ್ ಬೇರೆ ಕ್ಲಬ್‌ಗೆ ಹೋದ, 2018ರಿಂದ ಡ್ರ್ಯಾಗನ್ಸ್. ಎಲ್ಲಿ ಆಡಿದರೂ, ಎಷ್ಟು ಚೆನ್ನಾಗಿ ಆಡಿದರೂ, ಟಿವಿಯವರು ಆ ಒಂದು ತುಣುಕು ತೋರಿಸದೆ ಬಿಡುತ್ತಿರಲಿಲ್ಲ. 2025ಕ್ಕೆ ವಾಪಸ್ ಬಂದ, ವಯಸ್ಸು 35. ನಮ್ಮ ಗುಂಪಿನಲ್ಲೇ ಕೆಲವರು ಅಂದರು, ಮುದಿ ಎತ್ತು ತಂದು ಏನು ಉಳುತ್ತಾರೆ ಅಂತ. (ಯಾರು ಅಂತ ಹೇಳಲ್ಲ, ಈ ದಾರದಲ್ಲೇ ಇದ್ದಾರೆ.)

ಕ್ಯಾನ್ಬೆರಾದಲ್ಲಿ 28-28 ಆಗಿ, ಹೆಚ್ಚುವರಿ ಹತ್ತು ನಿಮಿಷವೂ ಮುಗಿದು, ಗೋಲ್ಡನ್ ಪಾಯಿಂಟ್‌ಗೆ ಬಂತು. 94ನೇ ನಿಮಿಷ. ನಾಯಕ ಆಡಮ್ ರೆನಾಲ್ಡ್ಸ್ ಗಾಯದಿಂದ ಆಡುತ್ತಿರಲಿಲ್ಲ, ಒದೆಯೋಕೆ ನಿಂತವನು ಅದೇ ಬೆನ್ ಹಂಟ್. ನಾನು ಟಿವಿ ಮುಂದೆ ಕಣ್ಣು ಮುಚ್ಚಿಕೊಂಡೆ, ಆಣೆಗೂ. ಹೆಂಡತಿ ಕಿರುಚಿದ ಮೇಲೇ ಬಿಟ್ಟಿದ್ದು. ಚೆಂಡು ಕಂಬದ ಮಧ್ಯೆ ಹೋಗಿತ್ತು.

ಮಂಡ್ಯದ ರೈಡರ್

ಮುದಿ ಎತ್ತು ಅಂದವನು ನಾನೇ. ಒಪ್ಪಿಕೊಂಡೆ. ಎತ್ತು ಗದ್ದೆ ಉತ್ತು ಕೊಟ್ಟಿತು.

ಹೊಸಬ ಮೈಸೂರು

ಈಗ ಅರ್ಥ ಆಯ್ತು ಭಾವ ಯಾಕೆ ಅತ್ತರು ಅಂತ. ನಾನು ಚೆಂಡು ಯಾವ ಕಡೆ ಹೋಯ್ತು ಅಂತ ನೋಡ್ತಿದ್ದೆ, ಅವರು ಫೋನ್ ಕೆಳಗಿಟ್ಟು ಒಳಗೆ ಹೋಗಿಬಿಟ್ಟರು, ಆಮೇಲೆ ಹತ್ತು ನಿಮಿಷ ನನಗೆ ಬರೀ ಅವರ ಮನೆ ಫ್ಯಾನ್ ಕಾಣಿಸ್ತಿತ್ತು.

ಒಂದು ಅನುಮಾನ. ಇಷ್ಟು ವರ್ಷ ಕಪ್ ಬಂದಿರಲಿಲ್ಲ ಅಂದ್ರೆ ಇದು ಆಸ್ಟ್ರೇಲಿಯಾದ ಆರ್‌ಸಿಬಿನಾ?

ಇಪ್ಸ್‌ವಿಚ್ ಅಕ್ಕ

ಅಯ್ಯೋ, ಈ ಪ್ರಶ್ನೆಗೇ ಕಾಯ್ತಿದ್ದೆ!

ಅರ್ಧ ಹೌದು, ಅರ್ಧ ಅಲ್ಲ. ಆರ್‌ಸಿಬಿಗೆ 18ನೇ ಸೀಸನ್‌ನಲ್ಲಿ ಮೊದಲ ಕಪ್, 2025ರ ಜೂನ್ 3. ಬ್ರಾಂಕೋಸ್‌ಗೆ 19 ವರ್ಷದ ಮೇಲೆ, ಅದೇ 2025ರಲ್ಲಿ. ಒಂದೇ ವರ್ಷದಲ್ಲಿ ಎರಡನ್ನೂ ನೋಡಿದ ನನ್ನಂಥವರ ಎದೆ ಹೇಗೆ ತಡೆದುಕೊಂಡಿತೋ. ಆದರೆ ಬ್ರಾಂಕೋಸ್ ಹುಟ್ಟಿನಿಂದ ಬಡವರಲ್ಲ ಕಣ್ರೀ. 1988ರಲ್ಲಿ ಆಟಕ್ಕೆ ಇಳಿದವರು 1992ರಿಂದ 2006ರ ಒಳಗೆ ಆರು ಸಲ ಕಪ್ ಎತ್ತಿದ್ದಾರೆ. ಇದು ಏಳನೆಯದು. ಜಮೀನ್ದಾರರ ಮನೆ ಸಾಲಕ್ಕೆ ಬಿದ್ದು ಮತ್ತೆ ಎದ್ದ ಹಾಗೆ.

ಸಾಲಕ್ಕೆ ಬಿದ್ದ ವರ್ಷ ಅಂದರೆ 2020. 20 ಪಂದ್ಯದಲ್ಲಿ ಗೆದ್ದಿದ್ದು ಮೂರು. ರೂಸ್ಟರ್ಸ್ ಕೈಲಿ 59-0 ಸೋತರು, ಐವತ್ತೊಂಬತ್ತು ಸೊನ್ನೆ! ಕ್ಲಬ್ ಇತಿಹಾಸದಲ್ಲೇ ಮೊದಲ ಸಲ ಕಟ್ಟಕಡೆಯ ಸ್ಥಾನ. ಅದಕ್ಕೆ ಇಲ್ಲಿನವರು ಮರದ ಚಮಚ ಅಂತಾರೆ. ನನ್ನ ಮಗ ಆಗ ಏಳು ವರ್ಷದವನು, ಶಾಲೆಯಲ್ಲಿ ಹುಡುಗರು ಇವನ ಊಟದ ಡಬ್ಬಿಯಲ್ಲಿ ಮರದ ಚಮಚ ಹಾಕಿ ಕಳಿಸಿದ್ದರು. ಅವನು ಅದನ್ನ ಎಸೆಯಲಿಲ್ಲ. ಫೈನಲ್ ಗೆದ್ದ ದಿನ ಡ್ರಾಯರ್‌ನಿಂದ ತೆಗೆದು ತೋರಿಸಿದ.

ಆರ್‌ಸಿಬಿ ಮಾತು ಬಂದಾಗ ಇನ್ನೊಂದು ಹೇಳಲೇಬೇಕು. ಜೂನ್ 4ರಂದು ಚಿನ್ನಸ್ವಾಮಿ ಹತ್ತಿರ ಕಾಲ್ತುಳಿತದಲ್ಲಿ 11 ಜನ ತೀರಿಹೋದರಲ್ಲ, ಅದಾದ ಮೇಲೆ ಜನಜಂಗುಳಿ ಅಂದರೆ ನನಗೆ ಕೈಕಾಲು ತಣ್ಣಗಾಗುತ್ತೆ. ಪೆನ್ರಿತ್ ಪಂದ್ಯಕ್ಕೆ ಹೋಗೋಕೇ ಹಿಂದೆಮುಂದೆ ನೋಡಿದೆ. ಸನ್‌ಕಾರ್ಪ್‌ನಲ್ಲಿ 52 ಸಾವಿರ ಜನ ಹಿಡಿಸುತ್ತೆ. ಪಂದ್ಯ ಮುಗಿದ ಮೇಲೆ ಮಗನ ಕೈ ಬಿಡದೆ, ಗುಂಪಿನ ಜೊತೆ ನಿಧಾನಕ್ಕೆ ಹೆಜ್ಜೆ ಹಾಕಿ ರೈಲು ಹತ್ತಿದೆವು. ಯಾರೂ ತಳ್ಳಲಿಲ್ಲ. ರೈಲಿನಲ್ಲಿ ಕೂತ ಮೇಲೆ ಯಾಕೋ ಕಣ್ಣಲ್ಲಿ ನೀರು ಬಂತು, ಮಗ ಅಂದುಕೊಂಡ ಅಮ್ಮ ಗೆದ್ದ ಖುಷಿಗೆ ಅಳ್ತಿದ್ದಾಳೆ ಅಂತ.

ಮತ್ತೆ, ಗಂಡಸರೆಲ್ಲ ಇಷ್ಟುದ್ದ ಬರೆದಿದ್ದೀರಿ, ಒಬ್ಬರಾದರೂ ಹೆಣ್ಣುಮಕ್ಕಳ ತಂಡದ ಹೆಸರು ಎತ್ತಿದಿರಾ? ಅದೇ ಅಕ್ಟೋಬರ್ 5, ಅದೇ ಮೈದಾನ. ಆಲಿ ಬ್ರಿಗಿನ್‌ಶಾ ನಾಯಕತ್ವದ ಬ್ರಾಂಕೋಸ್ ಮಹಿಳಾ ತಂಡ ರೂಸ್ಟರ್ಸ್ ಮೇಲೆ 22-18 ಗೆದ್ದಿತು. ಆ ರೂಸ್ಟರ್ಸ್ ಸೀಸನ್ ಪೂರ್ತಿ ಒಂದೂ ಪಂದ್ಯ ಸೋತಿರಲಿಲ್ಲ! ಒಂದೇ ದಿನ ಒಂದೇ ಕ್ಲಬ್‌ಗೆ ಎರಡು ಕಪ್. ಆರ್‌ಸಿಬಿಯಲ್ಲೂ ಮೊದಲು ಕಪ್ ತಂದಿದ್ದು 2024ರಲ್ಲಿ ಹೆಣ್ಣುಮಕ್ಕಳೇ ಅನ್ನೋದನ್ನ ನೆನಪು ಮಾಡ್ತಿದ್ದೇನೆ ಅಷ್ಟೇ.

ಕ್ಯಾಕ್ಸ್ಟನ್ ಬೀದಿ

ತಪ್ಪಾಯ್ತು ಅಕ್ಕ. ಮೊದಲ ಪೋಸ್ಟ್‌ನಲ್ಲೇ ಇರಬೇಕಿತ್ತು. ಆ ಪಂದ್ಯದ ಮೊದಲ ಅರ್ಧ ನೋಡಿದ್ದೆ, ಆಮೇಲೆ ಅಂಗಡಿಗೆ ಹೋದೆ ಅಂತ ಹೇಳೋಕೆ ನಾಚಿಕೆ ಆಗುತ್ತೆ.

ಪಶ್ಚಿಮ ಸಿಡ್ನಿ

ಪೆನ್ರಿತ್ ಕಡೆಯವನು ನಾನು. 2021ರಿಂದ 2024ರವರೆಗೆ ಸಾಲಾಗಿ ನಾಲ್ಕು ಕಪ್ ಗೆದ್ದವರು ನಾವು, ಆದ್ದರಿಂದ ನನ್ನ ಮೇಲೆ ಯಾರಿಗೂ ಕನಿಕರ ಬರಲ್ಲ, ಬರಬೇಕಾಗೂ ಇಲ್ಲ. ಆದರೆ ಏರಿಳಿತ ಅಂದರೆ ನಮ್ಮ ಸೀಸನ್ ನೋಡಿ. ವರ್ಷದ ಮಧ್ಯದಲ್ಲಿ 17 ತಂಡದಲ್ಲಿ 17ನೇ ಸ್ಥಾನ. ಅಲ್ಲಿಂದ ಒಂಬತ್ತು ಪಂದ್ಯ ಸಾಲಾಗಿ ಗೆದ್ದು ಏಳನೇ ಸ್ಥಾನಕ್ಕೆ ಬಂದು, ಫೈನಲ್‌ಗೆ ಒಂದೇ ಹೆಜ್ಜೆ ಬಾಕಿ ಇತ್ತು. ಎರಡು ಅಂಕದಲ್ಲಿ ಹೋಯಿತು.

ಬ್ರಾಂಕೋಸ್ ಹಿಡಿತ ಅಂತ ಇಷ್ಟು ಹೊಗಳ್ತಿದ್ದೀರಿ. 2023 ಮರೆತುಹೋಯಿತಾ? ಅದೇ ಫೈನಲ್, ಅದೇ ಮೈದಾನ. ನೀವು 24-8 ಮುಂದಿದ್ದಿರಿ. ಎಜ್ರಾ ಮ್ಯಾಮ್ ಎಂಬ ಹುಡುಗ ಕಣ್ಣು ಮಿಟುಕಿಸುವಷ್ಟರಲ್ಲಿ ಮೂರು ಟ್ರೈ ಹಾಕಿದ್ದ. ನಮ್ಮ ಮನೆಯಲ್ಲಿ ಟಿವಿ ಆಫ್ ಮಾಡೋಕೆ ರಿಮೋಟ್ ಹುಡುಕುತ್ತಿದ್ದೆವು. ಆಮೇಲೆ ನಮ್ಮ ನೇಥನ್ ಕ್ಲಿಯರಿ ಎದ್ದ. 26-24. ಉಳಿದ ಹೊತ್ತಿನಲ್ಲಿ ನೀವು ಬಿಟ್ಟುಕೊಟ್ಟಿದ್ದು 18 ಅಂಕ. ಆಗ ಎಲ್ಲಿ ಹೋಗಿತ್ತು ಹಿಡಿತ?

ಕ್ಯಾಕ್ಸ್ಟನ್ ಬೀದಿ

ಅದನ್ನೇ ನಾನೂ ಕೇಳ್ತಿರೋದು. ಎರಡು ವರ್ಷದ ಹಿಂದೆ ಕೊನೆ ಹೊತ್ತಿನಲ್ಲಿ 18 ಬಿಟ್ಟುಕೊಟ್ಟ ತಂಡ, ಆಗಿದ್ದ ಆಟಗಾರರಲ್ಲಿ ಸುಮಾರು ಜನ ಈಗಲೂ ಇದ್ದಾರೆ. ವಾಲ್ಶ್, ಪೇನ್ ಹಾಸ್, ಪ್ಯಾಟ್ ಕ್ಯಾರಿಗನ್, ರೆನಾಲ್ಡ್ಸ್, ಮ್ಯಾಮ್. ಆ ತಂಡ ಈ ಸಲ 40 ನಿಮಿಷದಲ್ಲಿ ಬಿಟ್ಟುಕೊಟ್ಟಿದ್ದು ಸೊನ್ನೆ. ನಡುವೆ ಏನಾಯಿತು?

2024ರಲ್ಲಿ 12ನೇ ಸ್ಥಾನಕ್ಕೆ ಬಿದ್ದರು. ಕೋಚ್ ಕೆವಿನ್ ವಾಲ್ಟರ್ಸ್ ಹೋದರು. ವಾಲ್ಟರ್ಸ್ ಅಂದರೆ ಊರಿನ ಮನುಷ್ಯ, ಇದೇ ಕ್ಲಬ್‌ಗೆ ಆಡಿ ಕಪ್ ಗೆದ್ದವರು, ಹುಡುಗರ ಹೆಗಲ ಮೇಲೆ ಕೈ ಹಾಕುವಂಥವರು. ಅವರ ಜಾಗಕ್ಕೆ ಮಗ್ವೈರ್ ಬಂದರು. ಇವರು ಹೆಗಲ ಮೇಲೆ ಕೈ ಹಾಕಲ್ಲ, ಹೆಗಲ ಮೇಲೆ ಮೂಟೆ ಹೊರಿಸುತ್ತಾರೆ. ತರಬೇತಿ ಅಷ್ಟು ಕಠಿಣ ಅಂತ ಮೊದಲಿಂದ ಹೆಸರು. 2014ರಲ್ಲಿ ಸೌತ್ ಸಿಡ್ನಿಗೆ 43 ವರ್ಷದ ಮೇಲೆ ಕಪ್ ತಂದುಕೊಟ್ಟ ಕೋಚ್ ಇವರೇ, ಆ ತಂಡದಲ್ಲಿ ಆಡಿದ ಹುಡುಗ ಈಗಿನ ನಮ್ಮ ನಾಯಕ ರೆನಾಲ್ಡ್ಸ್. 11 ವರ್ಷದ ಮೇಲೆ ಗುರು ಶಿಷ್ಯ ಮತ್ತೆ ಬೇರೆ ಊರಿನಲ್ಲಿ ಕೂಡಿದರು.

ಮೇ ತಿಂಗಳಲ್ಲಿ ಸೋತಾಗ ಎಲ್ಲರೂ ಅಂದಿದ್ದು, ಹುಡುಗರನ್ನ ಗಾಣಕ್ಕೆ ಕಟ್ಟಿದ್ದಾನೆ, ಅದಕ್ಕೇ ಸುಸ್ತಾಗಿದ್ದಾರೆ ಅಂತ. ನಾನೂ ಹಾಗೇ ಅಂದೆ, ಸುಳ್ಳು ಹೇಳಲ್ಲ. ಸೆಪ್ಟೆಂಬರ್ ಬಂದಾಗ ಸುಸ್ತಾಗಿದ್ದವರು ಎದುರು ಕಡೆಯವರು.

ಪಶ್ಚಿಮ ಸಿಡ್ನಿ

ಅದು ಅರ್ಧ ಒಪ್ಪುತ್ತೇನೆ. ನಾವು ಪಾತಾಳದಿಂದ ಎದ್ದು ಬಂದಿದ್ದೆವು, ತಿಂಗಳುಗಟ್ಟಲೆ ಪ್ರತಿ ಪಂದ್ಯವೂ ಸತ್ತರೆ ಸತ್ತೆ ಅನ್ನೋ ಹಾಗೆ. ಸನ್‌ಕಾರ್ಪ್‌ನಲ್ಲಿ ಎರಡನೇ ಅರ್ಧ ನಮ್ಮವರ ಕಾಲಲ್ಲಿ ಏನೂ ಉಳಿದಿರಲಿಲ್ಲ. ಆದರೆ ಬ್ರಾಂಕೋಸ್ ಅದೃಷ್ಟ ಇಲ್ಲವೇ ಇಲ್ಲ ಅನ್ನಬೇಡಿ. 14-0 ಇದ್ದಾಗ ನಾವು ಇನ್ನೊಂದು ಟ್ರೈ ಹಾಕಿದ್ದರೆ ಈ ದಾರವೇ ಇರುತ್ತಿರಲಿಲ್ಲ.

ಇಪ್ಸ್‌ವಿಚ್ ಅಕ್ಕ

ಅವತ್ತು ಅರ್ಧ ವಿರಾಮದಲ್ಲಿ ನಾವು ಕೂತಿದ್ದ ಕಡೆ ಹೇಗಿತ್ತು ಹೇಳ್ತೀನಿ ಕೇಳಿ. ನವರಾತ್ರಿ ನಡೀತಿತ್ತು, ನಾನು ಬೆಳಗ್ಗೆ ಬ್ರಾಂಕೋಸ್ ಸ್ಕಾರ್ಫ್ ಗೊಂಬೆ ಪಕ್ಕ ಇಟ್ಟು ಕುಂಕುಮ ಹಚ್ಚಿಕೊಂಡು ಬಂದಿದ್ದೆ. ಬಣ್ಣ ಹೇಗೂ ಹೊಂದುತ್ತೆ, ಮರೂನ್ ಮತ್ತು ಚಿನ್ನದ ಹಳದಿ. ದೂರದಿಂದ ನೋಡಿದರೆ ನಮ್ಮ ಅರಿಶಿನ ಕುಂಕುಮದ ಬಾವುಟವೇ. 14-0. ಇಡೀ ಮೈದಾನ ಸಾವಿನ ಮನೆ. ಮುಂದಿನ ಸಾಲಿನ ದಡೂತಿ ಮನುಷ್ಯ ಕೈಯಲ್ಲಿ ಚಿಪ್ಸ್ ಹಿಡಿದು ತಿನ್ನೋದನ್ನೇ ಮರೆತಿದ್ದ, ಅದರ ಮೇಲಿನ ಗ್ರೇವಿ ಕೆನೆ ಕಟ್ಟಿತ್ತು. ಮಗ ಕೇಳಿದ, ಅಮ್ಮ ಹೋಗೋಣ್ವಾ, ಈಗಲೇ ಹೋದ್ರೆ ರೈಲು ಖಾಲಿ ಇರುತ್ತೆ.

ನಾನು ಸಿಟ್ಟಿನಲ್ಲಿ ಕೂತ್ಕೋ ಅಂದೆ. ನಂಬಿಕೆಗಲ್ಲ, ಟಿಕೆಟ್ ದುಡ್ಡಿಗೆ.

ಕೊನೆ ನಿಮಿಷಗಳಲ್ಲಿ ಡೀನ್ ಮರಿನರ್ ಟ್ರೈ ಹಾಕಿದ. ಆಮೇಲೆ ರೆನಾಲ್ಡ್ಸ್ ಒದೆಯೋಕೆ ಬಂದ. ಗಾಯದಿಂದ ವಾಪಸ್ ಬಂದಿದ್ದ ಮನುಷ್ಯ. ಆ ಕ್ಷಣ 50 ಸಾವಿರ ಜನ ಉಸಿರಾಡಲಿಲ್ಲ. ಚೆಂಡು ಹೋದ ಮೇಲೆ ಬಂದ ಸದ್ದು ಕಿವಿಯಿಂದ ಕೇಳಿದ್ದಲ್ಲ, ಕಾಲ ಕೆಳಗಿನ ಸಿಮೆಂಟ್ ನಡುಗಿದ್ದು. ಚಿಪ್ಸ್ ಮನುಷ್ಯ ಪೂರ್ತಿ ಡಬ್ಬಿ ಗಾಳಿಗೆ ಎಸೆದ. ಗ್ರೇವಿ ನನ್ನ ಸ್ಕಾರ್ಫ್ ಮೇಲೆ. ಇನ್ನೂ ಒಗೆದಿಲ್ಲ, ಒಗೆಯೋದೂ ಇಲ್ಲ.

ಹೊಸಬ ಮೈಸೂರು

ಅಕ್ಕ, ನಿಮ್ಮ ಪೋಸ್ಟ್ ಓದಿ ರೋಮಾಂಚನ ಆಯ್ತು. ಈ ಆಟಗಾರರಲ್ಲಿ ನಾನು ಯಾರನ್ನ ಹಿಂಬಾಲಿಸಲಿ? ವಾಲ್ಶ್ ಹೆಸರು ಹುಡುಕಿದ್ರೆ ಅವರು ಟಾಯ್ಲೆಟ್ ನೀರು ಕುಡಿದ ವಿಡಿಯೋ ಬರ್ತಿದೆ, ಅದು ನಿಜಾನಾ?

ಮಂಡ್ಯದ ರೈಡರ್

ನಿಜ. ಕೇಳಬೇಡಿ. ಪ್ರತಿಭೆ ಇರುವವರಿಗೆ ದೇವರು ಒಂದು ಕಡೆ ಸ್ಕ್ರೂ ಸಡಿಲ ಬಿಟ್ಟಿರುತ್ತಾನೆ.

ನನ್ನ ಮಾತು ಕೇಳಿದರೆ ಗೆಹಮಾಟ್ ಶಿಬಾಸಾಕಿಯನ್ನ ನೋಡಿ. ಬ್ರಾಂಕೋಸ್‌ನಲ್ಲೇ ಶುರು ಮಾಡಿ, ಊರೂರು ಸುತ್ತಿ, ಇಲ್ಲಿಗೆ ವಾಪಸ್ ಬಂದಾಗ ಕೈಯಲ್ಲಿ ಪಕ್ಕಾ ಒಪ್ಪಂದವೂ ಇರಲಿಲ್ಲ. ತರಬೇತಿಗೆ ಬಾ, ನೋಡೋಣ ಅನ್ನೋ ಲೆಕ್ಕ. ಅದೇ ವರ್ಷ ಕ್ವೀನ್ಸ್‌ಲ್ಯಾಂಡ್ ರಾಜ್ಯ ತಂಡಕ್ಕೆ ಆಡಿದ, ಸ್ಟೇಟ್ ಆಫ್ ಒರಿಜಿನ್ ಸರಣಿಯ ಕೊನೆ ಪಂದ್ಯದಲ್ಲಿ. ಅಕ್ಟೋಬರ್‌ನಲ್ಲಿ ಕಪ್. ಕೂಲಿಗೆ ಬಂದವನು ಸುಗ್ಗಿ ಹೊತ್ತಿಗೆ ಯಜಮಾನನ ಪಕ್ಕ ಊಟಕ್ಕೆ ಕೂತ ಹಾಗೆ. ನನಗೆ ವಾಲ್ಶ್‌ಗಿಂತ ಇವನೇ ಇಷ್ಟ.

ಮೆಲ್ಬರ್ನ್ ಮಳೆ

ಒಂದು ಸಣ್ಣ ದೂರು. ಲೀಗ್ ಹಂತದ ಕೊನೆ ಪಂದ್ಯ, ಸೆಪ್ಟೆಂಬರ್ 4, ನಮ್ಮ ಊರಿಗೇ ಬಂದು 30-14 ಹೊಡೆದು ಹೋದಿರಿ. 2016ರಿಂದ ಬ್ರಾಂಕೋಸ್ ಮೆಲ್ಬರ್ನ್‌ನಲ್ಲಿ ಗೆದ್ದಿರಲಿಲ್ಲ. ನಾನು ಅವತ್ತು ಇದು ಲೆಕ್ಕಕ್ಕಿಲ್ಲ, ಫೈನಲ್ಸ್‌ನಲ್ಲಿ ನೋಡಿಕೊಳ್ಳೋಣ ಅಂದಿದ್ದೆ. ಆ ಪಂದ್ಯದ ಬಗ್ಗೆ ಯಾರೂ ಮಾತಾಡ್ತಿಲ್ಲ, ಆದರೆ ನನಗನಿಸೋದು ನಿಮ್ಮ ಕಪ್ ಶುರುವಾಗಿದ್ದು ಅಲ್ಲಿ. ಅವತ್ತು ಸೋತಿದ್ದರೆ ನೀವು ಮೊದಲ ನಾಲ್ಕರಲ್ಲಿ ಇರುತ್ತಿದ್ದಿರೋ ಇಲ್ಲವೋ.

ಕ್ಯಾಕ್ಸ್ಟನ್ ಬೀದಿ

ಅದು ನಿಜ. ನಾನು ಮರೆತೇ ಬಿಟ್ಟಿದ್ದೆ. ಎದುರು ಕಡೆಯವರು ಬಂದು ನೆನಪು ಮಾಡಬೇಕಾಯ್ತು ನೋಡಿ.

ಅಂದಹಾಗೆ ಕ್ಯಾನ್ಬೆರಾ ಚಳಿ ಎಲ್ಲಿ ಹೋದರು? ಮಾರ್ಚ್‌ನಲ್ಲಿ ನಾವಿಬ್ಬರೂ ಒಂದು ಬಾಜಿ ಕಟ್ಟಿದ್ದು ಈ ವೇದಿಕೆಯಲ್ಲಿ ಹಲವರಿಗೆ ನೆನಪಿರಬಹುದು. ಯಾರ ತಂಡ ಮುಂದೆ ಹೋಗುತ್ತೋ ಅವರ ಮನೆಗೆ ಸೋತವರು ಹೋಳಿಗೆ ಮಾಡಿಕೊಡಬೇಕು, ಕೊಂಡು ತರುವಂತಿಲ್ಲ.

ಇಪ್ಸ್‌ವಿಚ್ ಅಕ್ಕ

ನೆನಪಿದೆ ನೆನಪಿದೆ! ಸಾಕ್ಷಿ ನಾನು.

ಕ್ಯಾನ್ಬೆರಾ ಚಳಿ

ಇಲ್ಲೇ ಇದ್ದೇನೆ, ಎಲ್ಲೂ ಓಡಿಹೋಗಿಲ್ಲ. ದೀಪಾವಳಿಗೆ ಬ್ರಿಸ್ಬೇನ್‌ನಲ್ಲಿರೋ ತಂಗಿ ಮನೆಗೆ ಬರ್ತಿದ್ದೇನೆ, ಡಬ್ಬಿ ತರುತ್ತೇನೆ. ನಿನ್ನೆ ರಾತ್ರಿ ಅಮ್ಮನಿಗೆ ಫೋನ್ ಮಾಡಿ ಅಳತೆ ಕೇಳಿಕೊಂಡೆ. ಮೊದಲ ಸಲ ಮಾಡಿದ ಕಣಕ ಹರಿದು ಹೂರಣ ಎಲ್ಲ ಕಾವಲಿ ಮೇಲೆ. ಎರಡನೇ ಸಲ ಸ್ವಲ್ಪ ಪರವಾಗಿಲ್ಲ, ದುಂಡಗೆ ಮಾತ್ರ ಬರಲಿಲ್ಲ. ತುಪ್ಪ ನೀವೇ ತಂದಿಟ್ಟುಕೊಳ್ಳಿ. ಮತ್ತೆ ಹಸಿರು ಜೆರ್ಸಿ ಹಾಕಿಕೊಂಡೇ ಬರ್ತೀನಿ, ಬಾಗಿಲು ತೆಗೀಬೇಕು.